ಶಹಾಬಾದಿನಲ್ಲಿ ಚೆಂಡು ಕೊಡದವರು

ಶಹಾಬಾದಿಗೆ ಬಂದ ಮೊದಲ ಮಧ್ಯಾಹ್ನ ಊಟಕ್ಕೆ ಕೂತಿದ್ದೆ, ನೆಲ ನಡುಗಿತು. ನೀರಿನ ಲೋಟ ಕುಣಿದು ಮಗುಚಿತು. ಚಾವಣಿಯ ಸಂದಿನಿಂದ ಸುಣ್ಣದ ಪುಡಿ ಅನ್ನದ ಮೇಲೆ ಉದುರಿತು. ಭೂಕಂಪವೆಂದುಕೊಂಡು ಎಂಜಲು ಕೈಯಲ್ಲೇ ಅಂಗಳಕ್ಕೆ ಓಡಿದೆ. ಬಾಗಿಲಲ್ಲಿ ಕೂತು ತೊಗರಿ ಆರಿಸುತ್ತಿದ್ದ ಮನೆಯೊಡತಿ ನೀಲಮ್ಮ ತಲೆಯನ್ನೂ ಎತ್ತಲಿಲ್ಲ.

"ಖಣ್ಯಾಗ ಕಲ್ಲು ಹಾರಿಸ್ಲಿಕತ್ತಾರ್ರಿ ಮಾಸ್ತರ್ರೇ. ದಿನಾ ಇರೋದೇ. ಒಳಗ ಹೋಗಿ ಉಣ್ರಿ, ಆರಿ ಹೋಗ್ತದ."

"ಚಾವಣಿ ಬಿದ್ದರೆ?"

"ಬಿದ್ರ ಎಲ್ಲಾರ ಮ್ಯಾಲೂ ಬೀಳ್ತದ."

ಇದು ಇಲ್ಲಿಯವರ ಸಮಾಧಾನ. ಖಣಿ ಎಂದರೆ ಕಲ್ಲಿನ ಗಣಿ. ಅದರಿಂದ ತೆಗೆಯುವ ಕಲ್ಲು ಮೈಸೂರಿನಲ್ಲಿರುವ ನಿಮಗೂ ಗೊತ್ತು. ನಿಮ್ಮ ಹಜಾರಕ್ಕೆ ಹಾಸಿರುವ ನುಣುಪಾದ ಬೂದು ಚಪ್ಪಡಿ ಇಲ್ಲಿಯದೇ. ಫರಸಿ ಎನ್ನುತ್ತಾರೆ. ನೀವು ಅದನ್ನು ತುಳಿಯುತ್ತೀರಿ, ಇವರು ಅದನ್ನು ತಲೆಯ ಮೇಲೂ ಹೊದ್ದುಕೊಳ್ಳುತ್ತಾರೆ. ಗೋಡೆ ಕಲ್ಲು, ನೆಲ ಕಲ್ಲು, ಚಾವಣಿ ಕಲ್ಲು. ಬೇಸಿಗೆಯಲ್ಲಿ ಇಂಥ ಮನೆಯೊಳಗೆ ಇರುವುದೆಂದರೆ ಕಾದ ಕಾವಲಿಗಳ ನಡುವೆ ಇರುವುದು. ನಮ್ಮ ಒಂಟಿಕೊಪ್ಪಲಿನ ಹೆಂಚಿನ ಮನೆಯನ್ನು ನೆನೆದು ನಾನು ಮೊದಲ ವಾರವೇ ಈ ಊರನ್ನು ಶಪಿಸಿದೆ. ಈಗಲೂ ಆ ಶಾಪವನ್ನು ಪೂರ್ತಿ ಹಿಂದಕ್ಕೆ ತೆಗೆದುಕೊಂಡಿಲ್ಲ.

ಮೈಸೂರು ರಾಜ್ಯ ಆಗಷ್ಟೇ ಕರ್ನಾಟಕವಾಗಿತ್ತು. ಎಲ್ಲರೂ ಒಂದಾದೆವು ಎಂದು ಪತ್ರಿಕೆಗಳು ಬರೆಯುತ್ತಿದ್ದವು. ಬರೆದವರನ್ನು ಒಂದು ತಿಂಗಳು ಇಲ್ಲಿ ತಂದಿಡಬೇಕಿತ್ತು. ಕೋಣೆಗೆ ಖೋಲಿ, ಬೆಳಿಗ್ಗೆಗೆ ಮುಂಜಾನಿ, ನಿಜಕ್ಕೆ ಖರೇ. ತಿಂಡಿ ಎಂದರೆ ಸುಸಲಾ, ಅಂದರೆ ಮಂಡಕ್ಕಿಯನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಒಗ್ಗರಣೆ ಹಾಕಿದ್ದು. ಗರಿಗರಿಯಾಗಿ ತಿನ್ನಲೆಂದೇ ಹುರಿದದ್ದನ್ನು ಒದ್ದೆ ಮಾಡಿ ತಿನ್ನುವ ಜನರ ಬಗ್ಗೆ ಏನು ಹೇಳಲಿ? ಕಾಫಿ ಕೇಳಿದರೆ ಚಹಾ ಕೊಡುತ್ತಿದ್ದರು. ಅದೂ ಬೆಲ್ಲದ ಪಾಕದಂತೆ. ನಾನು ಮಾತನಾಡಿದರೆ ಹೋಟೆಲಿನವನು ನಗುತ್ತಿದ್ದ: "ಸರ್ರು ರೇಡಿಯೋ ಮಾತಾಡ್ದಂಗ ಮಾತಾಡ್ತಾರ ನೋಡ್ರಿ." ತಿರಸ್ಕಾರ ನನ್ನೊಬ್ಬನ ಆಸ್ತಿಯಾಗಿರಲಿಲ್ಲ.

ನನ್ನನ್ನು ಕರೆಸಿಕೊಂಡದ್ದು ಹೊಸದಾಗಿ ತೆರೆದ ಒಂದು ಖಾಸಗಿ ಕಾಲೇಜು, ದೈಹಿಕ ಶಿಕ್ಷಣದ ಮಾಸ್ತರನಾಗಿ. ಮೈಸೂರಿನಲ್ಲಿ ನಾನು ಕಾಲೇಜು ತಂಡಕ್ಕೆ ಫುಟ್‌ಬಾಲ್ ಆಡಿದವನು. ಚೆಂಡು ಕಾಲಿಗೆ ಬಂದರೆ ಕೂಡಲೇ ಇನ್ನೊಬ್ಬನಿಗೆ ದಾಟಿಸಬೇಕು, ಇಟ್ಟುಕೊಂಡವನು ಕಳೆದುಕೊಂಡ ಎಂದು ನಮ್ಮ ಕೋಚ್ ಬೈದು ಕಲಿಸಿದ್ದರು. ಇಲ್ಲಿ ಮೊದಲ ಸಂಜೆ ಮೈದಾನಕ್ಕೆ ಹೋಗಿ ನೋಡಿದರೆ ಹುಲ್ಲಿನ ಒಂದು ಎಸಳಿಲ್ಲ. ಮೇಲೆ ಸಿಮೆಂಟಿನ ಧೂಳು, ಕೆಳಗೆ ಕಲ್ಲು. ಅದರ ಮೇಲೆ ಹುಡುಗರೆಲ್ಲ ಒಂದು ಚೆಂಡಿನ ಹಿಂದೆ ಹಿಂಡಾಗಿ ಓಡುತ್ತಿದ್ದರು. ಚೆಂಡು ಸಿಕ್ಕವನು ತಲೆ ತಗ್ಗಿಸಿ ಗೋಲಿನ ಕಡೆಗೆ ನುಗ್ಗುತ್ತಿದ್ದ, ಬೀಳುವವರೆಗೆ. ಇದನ್ನು ಅವರು ಆಟ ಎನ್ನುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ನುಗ್ಗುತ್ತಿದ್ದವನು ಶರಣಪ್ಪ. ಚಿತ್ತಾಪುರದ ಹತ್ತಿರ ದಂಡೋತಿಯವನು. ಕಾಗಿಣಾ ದಂಡೆಯ ಕರಿಮಣ್ಣಿನ ಹೊಲಗಳ ದೊಡ್ಡ ಮನೆತನ. ಎತ್ತಿನ ಹೆಗಲು, ಒಳ್ಳೆಯ ಓಟ. ಒಬ್ಬಿಬ್ಬರು ಅಡ್ಡ ಬಂದರೆ ಕೆಡವಿ ಹೋಗುತ್ತಿದ್ದ. ಮೂರನೆಯವನು ಬಂದರೆ ಚೆಂಡು ಹೋಗುತ್ತಿತ್ತು. ಆಗ ಸೊಂಟದ ಮೇಲೆ ಕೈಯಿಟ್ಟು ಉಳಿದವರನ್ನು ಬೈಯುತ್ತಿದ್ದ.

"ಪಕ್ಕದಲ್ಲಿದ್ದವನಿಗೆ ಯಾಕಪ್ಪ ಕೊಡಲಿಲ್ಲ?" ಎಂದು ಕೇಳಿದೆ.

"ಕೊಟ್ರ ತಿರುಗಿ ಬರಂಗಿಲ್ರಿ ಸರ್. ಇವ್ರ ಕಾಲಾಗ ಚೆಂಡ್ ನಿಲ್ಲಂಗಿಲ್ಲ."

ಅವನ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ. ಅದೇ ಸಿಟ್ಟು ಬರಿಸಿದ್ದು.

ಭಾನುವಾರಗಳು ನನಗೆ ಕಷ್ಟದವು. ಮಾತಿಗೆ ಜನವಿಲ್ಲದೆ ರೈಲು ಹತ್ತಿ ವಾಡಿ ಜಂಕ್ಷನ್ನಿಗೆ ಹೋಗಿ ಕೂರುತ್ತಿದ್ದೆ. ದಕ್ಷಿಣಕ್ಕೆ ಹೋಗುವ ಗಾಡಿಗಳನ್ನು ನೋಡುವುದೇ ಕೆಲಸ. ಹತ್ತಿ ಹೋಗಿಬಿಡೋಣವೆಂದು ಎಷ್ಟೋ ಸಲ ಅನ್ನಿಸಿ, ಹತ್ತದೆ ಉಳಿದೆ. ಹೀಗೆ ಕೂತಿದ್ದಾಗ ಗೂಡ್ಸ್ ಶೆಡ್ಡಿನ ಗೋಡೆಗೆ ಒಬ್ಬ ಹುಡುಗ ಚೆಂಡನ್ನು ಒದ್ದು, ಮರಳಿ ಬಂದದ್ದನ್ನು ನಿಲ್ಲಿಸದೆ ಮತ್ತೆ ಒದೆಯುತ್ತಿದ್ದುದನ್ನು ಕಂಡೆ. ಬಲಗಾಲು, ಎಡಗಾಲು. ಚೆಂಡು ಗೋಡೆಯ ಒಂದೇ ಕಲೆಗೆ ಹೋಗಿ ಬಡಿಯುತ್ತಿತ್ತು. ಈ ಸೀಮೆಯಲ್ಲಿ ನಾನು ಕಂಡ ಮೊದಲ ಫುಟ್‌ಬಾಲ್ ಅದು. ಹೆಸರು ದಾಮೋದರ. ತಂದೆ ರೈಲ್ವೆ ಗಾರ್ಡ್, ಸೋಲಾಪುರದಿಂದ ವರ್ಗವಾಗಿ ಬಂದವರು. ವಿಚಾರಿಸಿದರೆ ನನ್ನ ಕಾಲೇಜಿನವನೇ.

"ಮತ್ತೆ ಮೈದಾನಕ್ಕೆ ಯಾಕೆ ಬರಲ್ಲ?"

"ಬಂದಿದ್ದೆ ಸರ್. ಆ ಶರಣಪ್ಪ ಚೆಂಡೇ ಕೊಡಂಗಿಲ್ಲ. ಹಳ್ಳಿ ಗೌಡ. ಅವನಿಗೆ ಆಟ ಗೊತ್ತಿಲ್ಲ, ನುಗ್ಗೋದು ಗೊತ್ತು."

ಶರಣಪ್ಪ ಇವನಿಗೆ ಇಟ್ಟಿದ್ದ ಹೆಸರು ಬೋಗಿ. ರೈಲಿನ ಡಬ್ಬಿಯಲ್ಲಿ ಹುಟ್ಟಿದವ, ಊರಿಲ್ಲದವ, ಇವತ್ತು ವಾಡಿ ನಾಳೆ ಇನ್ನೆಲ್ಲೋ ಎಂಬ ಅರ್ಥದಲ್ಲಿ. ಆ ಲೆಕ್ಕಕ್ಕೆ ನಾನೂ ಬೋಗಿಯೇ. ಅದನ್ನು ಅವನು ನನ್ನೆದುರು ಹೇಳುತ್ತಿರಲಿಲ್ಲ, ಅಷ್ಟೆ.

ದಾಮೋದರನನ್ನು ಎಳೆದು ತಂದೆ. ಮೈಸೂರಿನ ಪಾಠ ಶುರು ಮಾಡಿದೆ: ಓಡುವಂತಿಲ್ಲ, ದಾಟಿಸಬೇಕು. ಹುಡುಗರು ಗೊಣಗುತ್ತ ಕಲಿತರು. ಆದರೆ ವಾಡಿಯ ರೈಲ್ವೆಯವರ ಜೊತೆ ಆಡಿದಾಗ ನಮ್ಮ ಪಾಸುಗಳು ಚೆಂದ ಕಂಡವೇ ಹೊರತು ಗೋಲಿನ ಹತ್ತಿರವೂ ಸುಳಿಯಲಿಲ್ಲ. ಎದುರಾಳಿ ಬ್ಯಾಕುಗಳು, ಅಂದರೆ ಗೋಲಿನ ಮುಂದೆ ಕಾಯುವವರು, ಜಾಗ ಬಿಟ್ಟು ಕದಲಲೇ ಇಲ್ಲ. ಇವರು ಹೇಗೂ ದಾಟಿಸುತ್ತಾರೆಂದು ಗೊತ್ತಿದ್ದ ಮೇಲೆ ಅವರು ಯಾಕೆ ಮುಂದೆ ಬರಬೇಕು? ದಾರಿಗಳನ್ನು ಕಟ್ಟಿ ಸುಮ್ಮನೆ ನಿಂತರು. ಅವರ ಕಾಲುಗಳನ್ನು ನೋಡುತ್ತ ನನಗೆ ಸ್ಪಷ್ಟವಾಯಿತು. ಓಡುವವನ ಭಯವಿದ್ದರೆ ಬ್ಯಾಕು ಅವನ ಮೇಲೆ ಬರುತ್ತಾನೆ. ಬಂದರೆ ಬೆನ್ನ ಹಿಂದೆ ಜಾಗ ತೆರೆಯುತ್ತದೆ. ಪಾಸು ಹೋಗಬೇಕಾದದ್ದು ಅಲ್ಲಿಗೆ. ಪಾಸಿಗೆ ಹೆದರಿ ಅವನು ಹಿಂದೆ ಸರಿದರೆ ಆಗ ಓಡಬೇಕು. ಎದುರಾಳಿಗೆ ಯಾವುದು ಬರುತ್ತದೆಂದು ಗೊತ್ತಾಗಬಾರದು. ಹಸಿರು ಹುಲ್ಲಿನ ಮೇಲೆ ಆಡಿದ ನಮ್ಮ ಮೈಸೂರಿನ ಕೋಚ್ ಇದರಲ್ಲಿ ಅರ್ಧವನ್ನಷ್ಟೇ ಹೇಳಿಕೊಟ್ಟಿದ್ದರು.

ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಶರಣಪ್ಪ ಓಡಬೇಕು, ಮತ್ತೆ ಓಡಬೇಕು, ಇಬ್ಬರು ಮೈಮೇಲೆ ಬಂದಾಗ ದಾಮೋದರನಿಗೆ ಬಿಡಬೇಕು. ಎಲ್ಲರಿಗೂ ತಿಳಿಯಿತು. ಶರಣಪ್ಪನಿಗೂ ತಿಳಿಯಿತು. ಅವನು ಓಡಿದ. ಬಿಡಲಿಲ್ಲ.

ಅಷ್ಟರಲ್ಲಿ ಪ್ರಿನ್ಸಿಪಾಲರು ಕರೆದರು. ಕಾಲೇಜಿನ ಅಧ್ಯಕ್ಷರು ಕಲ್ಲಿನ ವ್ಯಾಪಾರಿ. ಫರಸಿ ಅಟ್ಟಿ ಹಾಕಲು ಅವರಿಗೆ ಜಾಗ ಸಾಲದಾಗಿತ್ತು.

"ಮೈದಾನ ಸುಮ್ನ ಬಿದ್ದದ ಅಂತಾರ್ರಿ ಅಧ್ಯಕ್ಷರು. ಈ ಸಲ ಗುಲಬರ್ಗಾದ ಕಾಲೇಜ್ ಟೂರ್ನಮೆಂಟಿನ್ಯಾಗ ಮೊದಲ್ನೇ ಆಟಕ್ಕೇ ಸೋತು ಬಂದ್ರಿ ಅಂದ್ರ ನಮ್ಮ ಮೈದಾನದಾಗ ಕಲ್ಲು ಬೀಳ್ತಾವ. ಮೈದಾನ ಇಲ್ಲಂದ ಮ್ಯಾಲ ನೀವು ಯಾತಕ್ಕ ಬೇಕಾಗ್ತೀರಿ, ನೀವೇ ವಿಚಾರ ಮಾಡ್ರಿ."

ನಾನು ವಿಚಾರ ಮಾಡಿದೆ. ಊರಿಗೆ ಹೋಗಲು ಇದಕ್ಕಿಂತ ಒಳ್ಳೆಯ ನೆಪ ಸಿಗುತ್ತಿರಲಿಲ್ಲ. ಆದರೆ ಈ ಜನರಿಂದ ಹೊರಹಾಕಿಸಿಕೊಂಡು ಹೋಗುವುದೇ? ನಾನಾಗಿ ಬಿಟ್ಟು ಹೋಗಬೇಕು. ಅದೂ ಒಂದು ಹಮ್ಮು.

ಗುಲಬರ್ಗಾದ ಮೈದಾನದಲ್ಲಿ ಮೊದಲರ್ಧ ಪೂರ್ತಿ ಶರಣಪ್ಪ ಓಡಿದ. ಇಬ್ಬರು, ಮೂವರು ಅವನನ್ನು ಮುತ್ತಿದರು. ಎಡಗಡೆ ದಾಮೋದರ ಒಬ್ಬನೇ ಕೈಯೆತ್ತಿ ನಿಂತಿದ್ದ. ಎದುರು ಯಾರೂ ಇಲ್ಲ. ಚೆಂಡು ಬರಲಿಲ್ಲ. ಎದುರಾಳಿಗಳು ಒಂದು ಗೋಲು ಹೊಡೆದರು. ವಿರಾಮದ ಹೊತ್ತಿಗೆ ದಾಮೋದರ ನೆಲಕ್ಕೆ ಕೂತು ಬೂಟಿನ ಲೇಸು ಬಿಚ್ಚತೊಡಗಿದ.

"ನಾ ಆಡಂಗಿಲ್ಲ ಸರ್. ಸಂಜೀ ಪ್ಯಾಸೆಂಜರಿಗೆ ಹೋಗ್ತೀನಿ."

ಶರಣಪ್ಪ ನಕ್ಕ. "ಹೋಗ್ಲಿ ಬಿಡ್ರಿ. ಅವ್ರ ಅಪ್ಪಂದೇ ಗಾಡಿ."

ಆಗ ನನಗೆ ಬಂದ ಸಿಟ್ಟು ಒಬ್ಬನ ಮೇಲಿನದಲ್ಲ. ಮೊದಲ ದಿನದಿಂದ ಶೇಖರವಾದದ್ದು. "ನೋಡು ಶರಣಪ್ಪ," ಎಂದೆ, "ನಿನ್ನನ್ನು ನಾನು ಆಟಗಾರ ಅಂತ ಇವತ್ತಿನವರೆಗೆ ಅಂದುಕೊಂಡೇ ಇಲ್ಲ. ನೀನು ಬೀಳೋದನ್ನ ಆ ಬ್ಯಾಕುಗಳು ನಗ್ತಾ ಕಾಯ್ತಾ ಇದ್ದಾರೆ. ನೀನು ಏನು ಮಾಡ್ತೀಯ ಅಂತ ಅವರಿಗೆ ನಿನಗಿಂತ ಮೊದಲೇ ಗೊತ್ತು. ಇಡೀ ಮೈದಾನದಲ್ಲಿ ಅವರಿಗೆ ನಿನ್ನಷ್ಟು ಅನುಕೂಲದವನು ಇನ್ನೊಬ್ಬನಿಲ್ಲ."

ಅವನ ಮುಖ ಕಪ್ಪಿಟ್ಟಿತು. ಬೈದರೆ ಅವನಿಗೆ ಏನೂ ಆಗುತ್ತಿರಲಿಲ್ಲ. ಬೇರೆಯವರು ನಗುತ್ತಿದ್ದಾರೆ ಎಂಬುದು ನಾಟಿತು. ಗುಲಬರ್ಗಾದ ಹುಡುಗರ ಕಡೆಗೆ ತಿರುಗಿ ನೋಡಿದ. ಅವರು ನಿಂಬೆಹಣ್ಣು ಚೀಪುತ್ತ ನಿಜವಾಗಿಯೂ ನಗುತ್ತಿದ್ದರು, ಯಾವುದಕ್ಕೋ. ಶರಣಪ್ಪ ದಾಮೋದರನ ಮುಂದೆ ಹೋಗಿ ನಿಂತ.

"ಏಳೋ ಬೋಗಿ. ಚೆಂಡ್ ಕೊಡ್ತೀನಿ."

"ನಿಂದು ಯಾರಿಗ್ಬೇಕು?"

"ಕೊಡ್ತೀನಿ ಅಂದ್ನಲ್ಲ. ಹಾಳ ಮಾಡಿದಿ ಅಂದ್ರ ಇಲ್ಲೇ ಹುಗೀತೀನಿ ನೋಡು."

ದಾಮೋದರ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. "ಸರಿಯಾಗಿ ಕೊಡಲಿಕ್ಕ ಬರ್ತದೇನು ನಿನಗ?" ಎಂದು ಕೇಳಿ ಲೇಸು ಕಟ್ಟಿಕೊಂಡ.

ಎರಡನೆಯ ಅರ್ಧದಲ್ಲಿ ಶರಣಪ್ಪ ಮೊದಲಿನಂತೆಯೇ ನುಗ್ಗಿದ. ಒಮ್ಮೆ ನುಗ್ಗಿ ಬಿದ್ದ. ಮತ್ತೊಮ್ಮೆ ನುಗ್ಗಿದ. ಮುಂದಿನ ಸಲ ಮೂವರು ಅವನ ಮೇಲೆ ಬೀಳುವಷ್ಟರಲ್ಲಿ, ತಲೆಯೆತ್ತದೆಯೇ, ಪಾದದ ಒಳಬದಿಯಿಂದ ಚೆಂಡನ್ನು ಎಡಕ್ಕೆ ಜಾರಿಸಿಬಿಟ್ಟ. ಅಷ್ಟು ಮೃದುವಾದ ಪಾಸು ಆ ಕಾಲಿನಿಂದ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ದಾಮೋದರ ಅದನ್ನು ನಿಲ್ಲಿಸಲೂ ಇಲ್ಲ. ಗೂಡ್ಸ್ ಶೆಡ್ಡಿನ ಗೋಡೆಗೆ ಒದ್ದಂತೆ ಒದ್ದ. ಗೋಲ್‌ಕೀಪರ್ ಕದಲುವ ಮೊದಲೇ ಚೆಂಡು ಒಳಗಿತ್ತು.

ಆಮೇಲೆ ಅವರ ಬ್ಯಾಕುಗಳಿಗೆ ಅನುಮಾನ ಹಿಡಿಯಿತು. ಅರ್ಧ ಮನಸ್ಸು ಶರಣಪ್ಪನ ಮೇಲೆ, ಅರ್ಧ ದಾಮೋದರನ ಮೇಲೆ. ಆಟ ಇನ್ನೇನು ಮುಗಿಯಲು ಬಂದಾಗ ಶರಣಪ್ಪ ಎಡಕ್ಕೆ ನೋಡಿದ, ಬ್ಯಾಕು ಎಡಕ್ಕೆ ವಾಲಿದ, ಇವನು ನೇರ ನುಗ್ಗಿ ಗೋಲು ಹೊಡೆದ. ಗೆದ್ದೆವು. ನಾನು ಗೆರೆಯ ಹೊರಗೆ ನಿಂತು ಕೂಗಿಕೊಂಡದ್ದನ್ನು ಹುಡುಗರು ತಿಂಗಳುಗಟ್ಟಲೆ ಅಣಕಿಸಿದರು. ಮುಂದಿನ ಪಂದ್ಯದಲ್ಲಿ ನಮಗಿಂತ ಎಷ್ಟೋ ಮೇಲಿನ ತಂಡವೊಂದು ನಮ್ಮನ್ನು ಸದ್ದಿಲ್ಲದೆ ಮನೆಗೆ ಕಳಿಸಿತು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಮೈದಾನ ಉಳಿಯಿತು. ಅಧ್ಯಕ್ಷರು ಸಭೆ ಸೇರಿಸಿ, ಅದಕ್ಕೆ ತಮ್ಮ ತಂದೆಯ ಹೆಸರಿಟ್ಟು, ತಾವೇ ಉದ್ಘಾಟಿಸಿದರು. ಈ ಮಣ್ಣಿನ ಶಕ್ತಿಯ ಬಗ್ಗೆ ಭಾಷಣ ಮಾಡಿದರು. ಮಣ್ಣಿನ ಮಗ ಶರಣಪ್ಪನಿಗೆ ಶಾಲು ಹೊದಿಸಿದರು. ದಾಮೋದರನ ಹೆಸರೂ ಬರಲಿಲ್ಲ, ನನ್ನದೂ ಬರಲಿಲ್ಲ. ನಾನು ಶರಣಪ್ಪನ ಕಡೆ ನೋಡಿದೆ, ಒಂದು ಮಾತಾದರೂ ಆಡುತ್ತಾನೇನೋ ಎಂದು. ಅವನು ಶಾಲನ್ನು ಇನ್ನಷ್ಟು ಸರಿಯಾಗಿ ಹೊದ್ದುಕೊಂಡು ಕೂತ. ಹಿಂದಿನ ಸಾಲಿನಲ್ಲಿ ದಾಮೋದರ ನನ್ನ ಕಿವಿಯಲ್ಲಿ ಹೇಳಿದ: "ಎಪ್ರಿಲ್ದಾಗ ಶಾಲು! ಹೊತ್ಕೊಂಡು ಬೇಯ್ಲಿ ಬಿಡ್ರಿ ಸರ್."

ಮರುವರ್ಷ ಗಾರ್ಡ್ ಸಾಹೇಬರಿಗೆ ದೌಂಡಿಗೆ ವರ್ಗವಾಯಿತು. ದಾಮೋದರ ಹೊರಟ ದಿನ ವಾಡಿಯ ಪ್ಲಾಟ್‌ಫಾರ್ಮಿಗೆ ನಾನು ಹೋಗಿದ್ದೆ, ಶರಣಪ್ಪ ಬರಲಿಲ್ಲ. ಮೈದಾನಕ್ಕೆ ಮಾತ್ರ ಎಂದಿನಂತೆ ಬಂದ. ಹೊಸ ಹುಡುಗರ ನಡುವೆ ಚೆಂಡು ಹಿಡಿದು ಓಡಿದ, ಇಬ್ಬರನ್ನು ಎಳೆದುಕೊಂಡ, ಎಡಕ್ಕೆ ಜಾರಿಸಿದ. ಚೆಂಡು ಯಾರೂ ಇಲ್ಲದ ಕಡೆ ಉರುಳುತ್ತ ಹೋಗಿ ಬೇಲಿಗೆ ತಾಗಿತು. ಅವನು ಅದನ್ನೇ ನೋಡುತ್ತ ನಿಂತು ನನ್ನ ಹತ್ತಿರ ಬಂದ.

"ಇನ್ನ ಯಾರಿಗ ಕೊಡ್ಲಿ ಸರ್?"

"ಹುಡುಕೋಣ," ಎಂದೆ. ಹುಡುಕುತ್ತ ವರ್ಷಗಳಾದವು. ಶರಣಪ್ಪ ಓದು ಮುಗಿಸಿ ಹೊಲಕ್ಕೆ ಹೋದ. ನಾನು ಇಲ್ಲೇ ಇದ್ದೇನೆ. ಪ್ರೀತಿಯಿಂದ ಅಲ್ಲ ಎಂದು ನಿಮಗೆ ಭರವಸೆ ಕೊಡಬಲ್ಲೆ. ಸುಸಲಾ ಈಗಲೂ ಒದ್ದೆ ಮಂಡಕ್ಕಿಯೇ. ಅಧ್ಯಕ್ಷರು ಈಗಲೂ ಅಧ್ಯಕ್ಷರೇ.

ಕಳೆದ ರಜೆಯಲ್ಲಿ ಮೈಸೂರಿಗೆ ಬಂದಿದ್ದೆ. ನನ್ನ ಹಳೆಯ ಕಾಲೇಜಿನ ತಂಡ ಆಡುತ್ತಿತ್ತು. ಹಸಿರು ಹುಲ್ಲು, ಶುಭ್ರ ಬನಿಯನ್‌ಗಳು, ಚೆಂಡು ಕಾಲಿಂದ ಕಾಲಿಗೆ ಶಿಸ್ತಾಗಿ ದಾಟುತ್ತಿತ್ತು. ಎದುರಾಳಿಗಳು ಆರಾಮಾಗಿ ನಿಂತಿದ್ದರು. ಮುಂದೆ ಅಷ್ಟು ಬಯಲು ಬಿದ್ದಿದ್ದರೂ ಒಬ್ಬನಾದರೂ ಓಡಲಿಲ್ಲ. ಇಷ್ಟು ನಾಜೂಕಿನ, ಇಷ್ಟು ಪುಕ್ಕಲು ಆಟವನ್ನು ನಾನು ಹೇಗೆ ಇಷ್ಟು ವರ್ಷ ದೊಡ್ಡದೆಂದು ನಂಬಿದ್ದೆ? ತಡೆಯಲಾರದೆ ಎದ್ದು ನಿಂತು ಕೂಗಿದೆ:

"ಓಡೋ ಮಗನ! ಏನ್ ನೋಡ್ಲಿಕತ್ತಿ? ತಗೊಂಡ್ ಓಡು!"

ಸುತ್ತಲಿನವರು ತಿರುಗಿ ನೋಡಿದರು. ಪಕ್ಕದಲ್ಲಿದ್ದ ಹಿರಿಯರು ತಮ್ಮ ಮಗ್ಗುಲಿನವರಿಗೆ, ನನಗೆ ಕೇಳಿಸದೆಂದು ಭಾವಿಸಿ, "ಯಾರೋ ಆ ಕಡೆಯವರು," ಎಂದರು. ಅವರ ತುಟಿಯ ಕೊಂಕು ನನಗೆ ಚೆನ್ನಾಗಿ ಪರಿಚಯದ್ದು. ನಾನು ಈ ಊರವನೇ ಎಂದು ಹೇಳಬಹುದಿತ್ತು. ಶಹಾಬಾದಿನಲ್ಲಿ ನನ್ನನ್ನು ಈಗಲೂ ಮೈಸೂರ ಮಾಸ್ತರ್ ಎಂದೇ ಕರೆಯುತ್ತಾರೆ. ಆದರೂ ಜರುಗಿ ಅವರಿಗೆ ಇನ್ನಷ್ಟು ಜಾಗ ಬಿಟ್ಟು ಕೂತುಕೊಂಡೆ.