ಹಂಪವ್ವನ ಕೈಗೆ ಹತ್ತಿದ ಗಂಟು

ಮರಳಿ ಎಂಬ ಊರಿನ ಕಾಲುವೆ ದಂಡೆಯ ಅಕ್ಕಿ ಗಿರಣಿಯ ಬೆಲ್ಟು ಮುಂಜಾನೆ ಪಟಪಟನೆ ಹೊಡೆದುಕೊಳ್ಳತೊಡಗುವ ಹೊತ್ತಿಗೆ ಹಂಪವ್ವ ಯಾರದಾದರೂ ಮನೆಯ ಬಚ್ಚಲಲ್ಲಿ ಸೆರಗು ಬಿಗಿದು ನಿಂತಿರುತ್ತಿದ್ದಳು. ಬಾಣಂತಿಯರಿಗೆ ಎಣ್ಣೆ ಹಚ್ಚಿ ನೀರು ಹಾಕುವುದು ಅವಳ ಕೆಲಸ. ಇಪ್ಪತ್ತೆಂಟು ವರ್ಷಗಳಿಂದ ಆ ಊರಿನಲ್ಲಿ ಹೆತ್ತವರೆಲ್ಲ ಅವಳ ಕೈಯಡಿ ಕುಳಿತವರೇ. ಗಂಡನ ಮುಂದೆ ನಾಚುವ ಹೆಂಗಸರು ಕೂಡ ಅವಳ ಮುಂದೆ ಎದೆ ಬಿಟ್ಟು ಕೂರುತ್ತಿದ್ದರು. ಹಾಲು ಕಟ್ಟಿದರೆ ಅಕ್ಕಿಯ ತೌಡನ್ನು ಬಟ್ಟೆಯಲ್ಲಿ ಗಂಟುಕಟ್ಟಿ, ಹೆಂಚಿನ ಮೇಲೆ ಬಿಸಿಮಾಡಿ ಕಾವು ಕೊಡುತ್ತಿದ್ದಳು. ಎರಡು ದಿನಕ್ಕೆ ಗಂಟು ಕರಗಿ ಕೂಸು ಗಟಗಟ ಕುಡಿಯುತ್ತಿತ್ತು. ಅವಳು ಓಣಿಯಲ್ಲಿ ಬಂದರೆ ಕಟ್ಟೆಯ ಮೇಲಿನ ಹೆಂಗಸರು ಸರಿದು ಜಾಗ ಬಿಡುತ್ತಿದ್ದರು. ಆ ಜಾಗ ತನ್ನದೇ ಎಂದು ಹಂಪವ್ವ ತಿಳಿದಿದ್ದಳು.

ಎಪ್ಪತ್ತೆಂಟರ ಮಳೆಗಾಲ ಮುಗಿದ ಮೇಲೆ ಡಾಕ್ಟರ್ ರಜಿಯಾಬೇಗಂ ಬಂದರು. ರಾಯಚೂರಿನವರು, ವಯಸ್ಸು ಮೂವತ್ತೆರಡೋ ಮೂವತ್ತಮೂರೋ. ದೂರದ ದೊಡ್ಡ ಆಸ್ಪತ್ರೆಯಲ್ಲಿ ಕ್ಯಾನ್ಸರಿಗೆ ಔಷಧ ಕೊಡುವ ಡಾಕ್ಟರು. ಈ ಕಡೆಯ ಹೆಂಗಸರು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎದೆಯ ಗಂಟು ಹುಣ್ಣಾಗಿರುತ್ತಿತ್ತು. ಗಂಟು ಕೈಗೆ ಸಿಕ್ಕ ದಿನದಿಂದ ಆಸ್ಪತ್ರೆಗೆ ಬರುವ ದಿನದವರೆಗೆ ಎಷ್ಟು ತಿಂಗಳು ಕಳೆಯುತ್ತವೆ, ಏಕೆ ಕಳೆಯುತ್ತವೆ ಎಂಬುದು ಅವರ ಸಂಶೋಧನೆ. ಪ್ರತಿ ತಿಂಗಳ ಮೊದಲ ಸೋಮವಾರ ಜೀಪಿನಲ್ಲಿ ಬಂದು, ಶಾಲೆಯ ಒಂದು ಕೋಣೆಗೆ ಪರದೆ ಕಟ್ಟಿಸಿ ಕೂರುತ್ತಿದ್ದರು.

ಎರಡು ತಿಂಗಳು ಒಬ್ಬ ಹೆಂಗಸೂ ಪರದೆ ದಾಟಲಿಲ್ಲ. ಹಂಪವ್ವನಿಗೆ ಒಳಗೊಳಗೇ ತಂಪಾಯಿತು. ಮೂರನೆಯ ತಿಂಗಳು ಡಾಕ್ಟರು ಅವಳ ಮನೆಗೇ ಬಂದು ಚಾಪೆಯ ಮೇಲೆ ಕೂತು, ಬೆಲ್ಲದ ಚಹಾ ಕುಡಿದು, "ನೀವು ನನ್ನ ಬಾಜೂಕ ಕುಂತ್ರ ಸಾಕ್ರಿ ಹಂಪವ್ವಾರ" ಎಂದರು. ತಾನಿಲ್ಲದೆ ನಡೆಯದು ಎಂಬ ಸೊಕ್ಕಿನಿಂದಲೇ ಹಂಪವ್ವ ಒಪ್ಪಿದಳು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂದು ನಕ್ಕಳು ಕೂಡ.

ಆ ದಿನವೇ ಓಣಿಯ ಪಾರಮ್ಮ ಪರದೆ ದಾಟಿ ಬಂದು, ಅವಳ ಎದೆಯ ಗಂಟು ಬಯಲಾಯಿತು. ಅದಕ್ಕೆ ಹಂಪವ್ವ ನಾಲ್ಕು ತಿಂಗಳು ತೌಡಿನ ಕಾವು ಕೊಟ್ಟಿದ್ದಳು. "ಬ್ಯಾನಿ ಇಲ್ಲದ ಗಂಟು ಮುದಿ ಎತ್ತು ಇದ್ದಂಗ, ಯಾರಿಗೂ ಹಾಯೂದಿಲ್ಲ" ಎಂದು ಧೈರ್ಯವನ್ನೂ ಹೇಳಿದ್ದಳು. ಡಾಕ್ಟರು ಹಂಪವ್ವನ ಬೆರಳು ಹಿಡಿದು ಗಂಟಿನ ಮೇಲಿಟ್ಟರು.

"ಬ್ಯಾನಿ ಇಲ್ಲದ್ದ ಕೆಟ್ಟದ್ದು ಇರತೈತ್ರಿ. ಒತ್ತಿ ನೋಡ್ರಿ, ಗಟ್ಟಿ ಐತಿ, ಜಾರೂದಿಲ್ಲ."

ಅಷ್ಟೇ. ಒಂದು ಬೈಗುಳವಿಲ್ಲ, ಒಂದು ಕೆಟ್ಟ ನೋಟವಿಲ್ಲ. ಬೈದಿದ್ದರೆ ಹಂಪವ್ವ ನೆಮ್ಮದಿಯಾಗಿ ದ್ವೇಷಿಸುತ್ತಿದ್ದಳು.

ಪಾರಮ್ಮ ಆಸ್ಪತ್ರೆಯಲ್ಲಿ ಎದೆ ಕೊಯ್ಸಿಕೊಂಡು, ತಿಂಗಳುಗಟ್ಟಲೆ ಸೂಜಿ ಹಾಕಿಸಿಕೊಂಡು, ಉದುರಿದ ಕೂದಲು ಬೆರಳುದ್ದ ಬೆಳೆದ ಮೇಲೆ ಊರಿಗೆ ಬಂದಳು. ಕಾಲುವೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವಾಗ ಅವಳಿಗೆ ಡಾಕ್ಟರದೇ ಧ್ಯಾನ.

"ಡಾಕ್ಟರ ಬಾಯಾರ ಕೈ ಅಂದ್ರ ಬೆಣ್ಣಿ ನೋಡು. ವಾಂತಿ ಬಂದ್ರ ತಾವ ಬೋಗಣಿ ಹಿಡಿದ್ರು."

"ನಿನ್ನ ಐದು ಹೆರಿಗಿಗೂ ಬೋಗಣಿ ಹಿಡಿದಾಕಿ ಯಾರು?" ಹಂಪವ್ವ ಬಟ್ಟೆ ಕುಕ್ಕುತ್ತಲೇ ಕೇಳಿದಳು.

"ನೀನ ಹಿಡದಿ, ಯಾರು ಇಲ್ಲಂದ್ರು? ಆದ್ರ ಅವರು ಅಷ್ಟು ಓದಿ ಹಿಡಿದ್ರಲ್ಲ."

ಮೆಟ್ಟಿಲ ಮೇಲಿದ್ದವರೆಲ್ಲ ನಕ್ಕರು. ಹಂಪವ್ವನೂ ನಕ್ಕಳು. ಆದರೆ ಆ ನಗು ಮನೆಯವರೆಗೂ ಬಂದು, ರೊಟ್ಟಿಯ ತುತ್ತಿನಲ್ಲಿ ಹರಳಿನಂತೆ ಸಿಕ್ಕಿಕೊಂಡಿತು. ಅಂದಿನಿಂದ ತನ್ನ ಅಂಗೈ ನೋಡಿಕೊಳ್ಳುವುದು ಅವಳಿಗೆ ಚಟವಾಯಿತು. ಬಿಸಿನೀರಿಗೆ ಸುಲಿದು ಒರಟಾದ ಅಂಗೈ. ಯಾರೂ ಅದನ್ನು ಯಾವತ್ತೂ ಬೆಣ್ಣೆ ಎಂದಿರಲಿಲ್ಲ.

ಎಂಬತ್ತರ ಮಾಘದಲ್ಲಿ ಹನಮಪ್ಪನ ಹೆಂಡತಿ ಸಣ್ಣವ್ವ ಎರಡನೆಯದನ್ನು ಹೆತ್ತಿದ್ದಳು. ಇಪ್ಪತ್ತಾರರ ಹುಡುಗಿ. ಒಂದು ಭಾನುವಾರ ನೀರು ಹಾಕುವಾಗ ಅವಳ ಎಡಗಡೆ, ಕಂಕುಳ ಹತ್ತಿರ, ಹಂಪವ್ವನ ಬೆರಳಿಗೆ ಏನೋ ತಾಗಿತು. ಕಡಲೆಕಾಳಿನಷ್ಟು. ಒತ್ತಿದಳು. ಗಟ್ಟಿ. ಜಾರಲಿಲ್ಲ. ಸಣ್ಣವ್ವ ನೋವೆನ್ನಲಿಲ್ಲ.

"ಏನಾತು ಹಂಪವ್ವತ್ತಿ? ಯಾಕ ನಿಂತಿ?"

ಮರುದಿನವೇ ಡಾಕ್ಟರು ಬರುವ ಸೋಮವಾರ. ಕರೆದೊಯ್ದರೆ ಇವಳೂ ಡಾಕ್ಟರವಳಾಗುತ್ತಾಳೆ. ನಾಳೆ ಇವಳೂ ಮೆಟ್ಟಿಲ ಮೇಲೆ ಕೂತು ಬೆಣ್ಣೆ ಬೆಣ್ಣೆ ಎನ್ನುತ್ತಾಳೆ.

"ಹಾಲು ಕಟ್ಟೈತಿ. ಕಾವು ಕೊಡ್ತೀನಿ, ಹೋಕ್ಕೈತಿ" ಎಂದಳು ಹಂಪವ್ವ.

ಆ ಸೋಮವಾರ ಡಾಕ್ಟರ ಪಕ್ಕದಲ್ಲಿ ತುಟಿ ಹೊಲಿದುಕೊಂಡಂತೆ ಕೂತು ಬಂದಳು. ಮರುದಿನದಿಂದ ಬಿಡದೆ ಸಣ್ಣವ್ವನ ಮನೆಗೆ ಹೋದಳು, ಬಿಡದೆ ಬೆರಳಿಟ್ಟು ನೋಡಿದಳು. ಕಾಳು ಕರಗಲಿಲ್ಲ, ಹುಣಸೆ ಬೀಜದಷ್ಟಾಯಿತು. ಹುಡುಗಿ ಮಾತ್ರ ಪ್ರತಿದಿನ, "ನಿನ್ನ ಕೈ ಇದ್ರ ನನಗ ಯಾವ ಚಿಂತಿನೂ ಇಲ್ಲ ನೋಡತ್ತಿ" ಎನ್ನುತ್ತಿದ್ದಳು. ಕೇಳಬೇಕೆಂದು ಎಷ್ಟು ದಿನ ಹಂಬಲಿಸಿದ್ದ ಮಾತು. ಈಗ ಕೇಳಿದರೆ ಹಂಪವ್ವ ಆ ಮನೆಯ ಚಹಾ ಕೂಡ ಮುಟ್ಟದೆ ಎದ್ದು ಬರುತ್ತಿದ್ದಳು.

ತಿಂಗಳು ಕಳೆದು ಮತ್ತೆ ಡಾಕ್ಟರ ಸೋಮವಾರ ಬಂತು. ಪರದೆಯ ಒಳಗೆ ಮಾರೆವ್ವನ ಸರದಿ. ಡಾಕ್ಟರು ಕಾರ್ಡು ಹಿಡಿದು, "ಯಾವಾಗಿಂದ ಐತಿ?" ಎಂದರು.

"ಯಾವಾಗಿಂದಂತ ಏನು ಹೇಳ್ಲಿರಿ ಬಾಯಾರ, ಐತಿ."

"ಹೋದ ವರ್ಷ ಬತ್ತ ನಾಟಿ ಹಚ್ಚುಮುಂದ," ಎಂದಳು ಹಂಪವ್ವ. "ಈಕಿ ಸೊಸಿ ಹಡದ ಮೂರನೇ ದಿನ. ಬಚ್ಚಲದಾಗ ನನಗ ತೋರಿಸಿದ್ಲು. ತಿಂಗಳಾ ಕರದೆ, ಇವತ್ತ ಬಂದ್ಲು."

ಡಾಕ್ಟರು ಲೆಕ್ಕಹಾಕಿ ಏಳು ತಿಂಗಳು ಎಂದು ಬರೆದುಕೊಂಡರು, ಮಾರೆವ್ವನನ್ನು ಪರೀಕ್ಷಿಸಿ ಆಸ್ಪತ್ರೆಗೆ ಚೀಟಿ ಕೊಟ್ಟು ಕಳಿಸಿದರು. ಆಮೇಲೆ ಹಂಪವ್ವನ ಕಡೆ ತಿರುಗಿದರು.

"ನೀವಿರದಿದ್ರ ಈ ಕಾರ್ಡೆಲ್ಲ ಖಾಲಿ ಇರತಿದ್ವು. ಬೊಂಬಾಯಿ ಡಾಕ್ಟರ ಸಭಾದಾಗೂ ಹೇಳಿ ಬಂದೆ."

"ನನ್ನ ಹೆಸರು ಹೇಳಿದ್ರೇನು?" ಹೇಳಿರಲಿಕ್ಕಿಲ್ಲ ಎಂಬ ಆಸೆಯಿಂದಲೇ ಹಂಪವ್ವ ಕೇಳಿದಳು.

"ಹೇಳಿದೆ. ಎರಡು ಸಲ ಹೇಳಬೇಕಾತು, ಅಲ್ಲಿಯವರ ನಾಲಿಗಿ ಹೊಳ್ಳಲಿಲ್ಲ."

ಹಂಪವ್ವ ಇಷ್ಟು ದಿನ ಕಾಪಾಡಿಕೊಂಡ ಸಿಟ್ಟಿಗೆ ಕೂರಲು ಜಾಗವೇ ಇಲ್ಲದಾಯಿತು. ಡಾಕ್ಟರು ಕಾರ್ಡುಗಳನ್ನು ಜೋಡಿಸುತ್ತಾ, ಪ್ರತಿ ತಿಂಗಳು ಕೇಳುವಂತೆ ಕೇಳಿದರು: "ಈ ತಿಂಗಳು ನಿಮ್ಮ ಕೈಗೆ ಏನರ ಹತ್ತೇತೇನ್ರಿ?"

"ಇಲ್ರಿ," ಎಂದಳು ಹಂಪವ್ವ. ಹೊರಗೆ ಜೀಪು ಚಾಲೂ ಆಯಿತು. ಡಾಕ್ಟರು ಚೀಲ ಎತ್ತಿಕೊಂಡರು.

"ಒಂದು ಐತ್ರಿ. ಹನಮಪ್ಪನ ಹೇಣ್ತಿ ಸಣ್ಣವ್ವ. ಎಡಕ್ಕ, ಕಂಕಳದ ಕಡಿ. ಜಾರೂದಿಲ್ಲ."

ಡಾಕ್ಟರು ಚೀಲ ಇಳಿಸಿ ಹೊಸ ಕಾರ್ಡು ತೆಗೆದರು. ರೂಢಿಯಂತೆ ತಲೆ ಎತ್ತದೆಯೇ ಕೇಳಿದರು: "ಯಾವಾಗಿಂದ?"

ನಿನ್ನೆ ಎನ್ನಬಹುದಿತ್ತು. ಬಚ್ಚಲಿನ ಮಾತು, ಮೂರನೆಯವರಿಗೆ ಗೊತ್ತಿಲ್ಲ. ನಿನ್ನೆ ಎಂದರೆ ಕಾರ್ಡಿನಲ್ಲಿ ನಿನ್ನೆ ಎಂದೇ ಬೀಳುತ್ತಿತ್ತು.

"ಹೋದ ಸಲ ನೀವು ಬರೂ ಹಿಂದಿನ ದಿನದಿಂದ."

ಪೆನ್ನು ನಿಂತಿತು. "ಅವತ್ತ ನಿಮಗ ಗೊತ್ತಾಗಿತ್ತೇನು?"

"ಗೊತ್ತಾಗಿತ್ತ್ರಿ. ಹಾಲು ಕಟ್ಟೈತಿ ಅಂತ ಅಕಿಗೆ ಸುಳ್ಳು ಹೇಳಿದೆ. ನಿಮ್ಮ ಕಡಿ ಕಳಸಾಕ ಮನಸಾಗಲಿಲ್ಲ." ಹಂಪವ್ವ ಎದ್ದು ನಿಂತಿದ್ದಳು. "ಈ ತಿಂಗಳು ಅಕಿ ದೆಸಿಯಿಂದ ಹೋಗಿಲ್ಲ, ಹಂಪವ್ವನ ದೆಸಿಯಿಂದ ಹೋತು ಅಂತ ಬರಕೊಳ್ರಿ."

ಡಾಕ್ಟರು ತಲೆ ಎತ್ತಿ ಅವಳನ್ನು ನೋಡಿದರು. ಈ ಸಲ ಆ ನೋಟದಲ್ಲಿ ಬೆಣ್ಣೆ ಇರಲಿಲ್ಲ. "ಈಗ ಎಲ್ಲಿ ಅದಾಳ?" ಎಂದಷ್ಟೇ ಕೇಳಿದರು.

"ಮನ್ಯಾಗ ಅದಾಳ್ರಿ. ಜೀಪು ಬಂದ್ ಮಾಡ್ರಿ. ಕೂಸಿಗೆ ಹಾಲು ಕುಡಿಸಿದ್ರ ಈಗಿಂದೀಗ ಕರಕೊಂಡು ಬರ್ತೀನಿ, ಇಲ್ಲಂದ್ರ ಕೂಸಿನ್ನ ನಾನ ಎತಗೊಂಡು ಬರ್ತೀನಿ" ಎನ್ನುತ್ತಲೇ ಹಂಪವ್ವ ಪರದೆ ಸರಿಸಿ, ಶಾಲೆಯ ಮೆಟ್ಟಿಲಿಳಿದು, ಓಣಿಯ ಕಡೆ ಬಿರಬಿರನೆ ನಡೆದಳು.