ಹನ್ನೆರಡನೆಯ ಗಂಟು

ಹತ್ತಿ ಸೀರೆಗೆ ಗಂಜಿ ಹಾಕಿ ಹಿಂಡುವಾಗ ಏಳುವ ಹುಳಿ ವಾಸನೆ ನಿಮಗೂ ಗೊತ್ತಿರಬಹುದು. ಅದು ಮೂಗಿಗೆ ಬಿದ್ದರೆ ಸಾಕು, ಕೊಯಮತ್ತೂರಿನ ಹತ್ತಿರದ ಅವಿನಾಶಿಯ ನೇಕಾರರ ಬೀದಿಯ ನಮ್ಮ ಮನೆ ಕಣ್ಣೆದುರು ನಿಲ್ಲುತ್ತದೆ: ನಡುಮನೆಯ ಗುಂಡಿಮಗ್ಗ, ಗುಂಡಿಗೆ ಕಾಲು ಇಳಿಬಿಟ್ಟು ಕೂತ ತಾತ, ಗೋಡೆಯಾಚೆ ನನ್ನಿಮ್ಮಾಳ ಕೆಮ್ಮು. ನನ್ನಿಮ್ಮಾ ಎಂದರೆ ಪಕ್ಕದ ಮನೆಯ ಮೆಹರುವಿನ ಅಜ್ಜಿ. ಬೀದಿಯವರೆಲ್ಲ ಕರೆಯುತ್ತಿದ್ದುದೂ ಹಾಗೆಯೇ. ನಾನೂ ಮೆಹರುವೂ ಹುಟ್ಟಿದ್ದು ಒಂದೇ ದಿನ. ಅಂದು ನಮಗೆ ಅಕ್ಷಯ ತದಿಗೆ, ಅವರಿಗೆ ರಂಜಾನ್ ಹಬ್ಬ. ಹಾಗಾಗಿ ಪ್ರತಿವರ್ಷ ನನ್ನ ಹುಟ್ಟುಹಬ್ಬ ತದಿಗೆಯಂದು, ಅವಳದು ರಂಜಾನಿನಂದು. ಮೊದಲ ವರ್ಷ ಎರಡೂ ಒಟ್ಟಿಗೆ ಬಂದು, ಒಂದೇ ಪಾತ್ರೆಯ ಪಾಯಸ ಎರಡು ಮನೆಗೂ ಆಯಿತಂತೆ. ಆಮೇಲೆ ಅವಳದು ನನ್ನದಕ್ಕಿಂತ ಮೊದಲೇ ಬರತೊಡಗಿತು.

ನನಗೆ ಅದು ಚುಚ್ಚಿದ್ದು ಆರು ತುಂಬಿ ಏಳರೊಳಗೆ ಇದ್ದಾಗ. ಆ ವರ್ಷ ರಂಜಾನ್ ಚಳಿ ಪೂರ್ತಿ ಹೋಗುವ ಮೊದಲೇ ಬಂತು. ನನ್ನ ತದಿಗೆಗೆ ಇನ್ನೂ ಎರಡು ತಿಂಗಳಿತ್ತು. ಮೆಹರು ಹೊಸ ಪಾವಾಡೆ ಲಂಗ ಉಟ್ಟು, ಮದರಂಗಿಯ ಕೈ ಚಾಚಿಕೊಂಡು ನಮ್ಮ ಬಾಗಿಲಲ್ಲಿ ನಿಂತು, "ಎನಕ್ಕು ಏಳಾಚ್ಚು. ಇನಿಮೇ ಅಕ್ಕಾನ್ನು ಕೂಪ್ಪಿಡು" ಎಂದಳು. ತನಗೆ ಏಳಾಯಿತಂತೆ, ಇನ್ನು ಮೇಲೆ ಅಕ್ಕಾ ಎನ್ನಬೇಕಂತೆ. ಒಂದೇ ದಿನ ಹುಟ್ಟಿದವಳನ್ನು ಅಕ್ಕಾ ಎನ್ನುವುದೇ? ಬಾಗಿಲು ಹಾಕಿಬಿಟ್ಟೆ. ಅವರ ಮನೆಯಿಂದ ಬಂದ ಸೇಮಿಗೆ ಪಾಯಸವನ್ನೂ ಮುಟ್ಟಲಿಲ್ಲ. ನಮ್ಮಿಬ್ಬರ ದಿನವನ್ನು ಅವಳೊಬ್ಬಳೇ ಹೊತ್ತುಕೊಂಡು ಹೋದಳೆಂದು ಮಗ್ಗದ ಪಕ್ಕ ಕೂತು ಅತ್ತೆ.

ತಾತ ಲಾಳಿ ನಿಲ್ಲಿಸಿದರು. "ಅವ್ಳು ಯಾಕೆ ನಿನ್ ದಿವ್ಸ ಕದೀತಾಳೆ, ನನ್ ಕಣ್ಣೇ? ಚಂದ್ರನ ಹನ್ನೆರಡು ತಿಂಗ್ಳು ಸೇರ್ಸಿದ್ರೆ ವರ್ಷಕ್ಕೆ ಹನ್ನೊಂದು ದಿವ್ಸ ಕಮ್ಮಿ ಬೀಳ್ತದೆ. ನಮ್ಮೋರು ಎರಡು ಮೂರು ವರ್ಷಕ್ಕೊಂದ್ಸಲ ಅಧಿಕ ಮಾಸ ಅಂತ ಒಂದ್ ತಿಂಗ್ಳು ಸೇರ್ಸಿ ಸೆರಿ ಮಾಡ್ಕೋತಾರೆ. ಅವ್ರು ಸೇರ್ಸೋದಿಲ್ಲ, ಅಷ್ಟೇ." ಮಗ್ಗದ ಹಾಸಿನಿಂದ ಉಳಿದ, ಗಂಜಿ ಒಣಗಿ ಬಿರುಸಾದ ಒಂದು ನೂಲನ್ನು ಗೂಡಿನಿಂದ ತೆಗೆದರು. ನಾನು ಹುಟ್ಟಿದ ಮೇಲೆ ಬಂದ ಎರಡು ಅಧಿಕ ಮಾಸಕ್ಕೆ ಅವರೇ ಹಾಕಿದ್ದ ಎರಡು ಗಂಟು ಅದರಲ್ಲಿದ್ದವು. ಗಂಟಿಗೊಂದು ತಿಂಗಳಂತೆ ನನ್ನ ದಿನ ಹಿಂದೆ ಉಳಿಯುತ್ತದೆ. ಹನ್ನೆರಡು ಗಂಟಾದರೆ ಸುತ್ತು ಮುಗಿದು ಮತ್ತೆ ಅವಳ ದಿನಕ್ಕೆ ಜೊತೆಯಾಗುತ್ತದೆ. ಮೂರನೆಯ ಗಂಟನ್ನು ಆ ವರ್ಷವೇ ನನ್ನ ಕೈಯಲ್ಲಿ ಹಾಕಿಸಿದರು.

ನಡುವಿನ ಮೋಟುಗೋಡೆಯ ಮೇಲಿಂದ ಇಣುಕಿದ ನನ್ನಿಮ್ಮಾ, "ಎಂಗ ಪಿರೈ ನಿಕ್ಕಾದು ಕಣ್ಣು, ನಡಂದುಕ್ಕಿಟ್ಟೇ ಇರುಕ್ಕುಂ" ಎಂದಳು. ತಮ್ಮ ಚಂದ್ರ ಯಾರಿಗೂ ಕಾಯದೆ ನಡೆಯುತ್ತಲೇ ಇರುತ್ತಾನೆ ಎಂದು. ಜಗಳವನ್ನೂ ಅವಳೇ ತೀರಿಸಿದಳು: ಎರಡು ಹಬ್ಬವೂ ಮತ್ತೆ ಕೂಡುವ ದಿನ ಮೆಹರುವಿಗೆ ಅವರ ಲೆಕ್ಕದಲ್ಲಿ ಮೂವತ್ತಮೂರು, ನನಗೆ ಮೂವತ್ತೆರಡು. ಅಲ್ಲಿಯವರೆಗೆ ಹೆಸರು ಹಿಡಿದೇ ಕರೆಯಬಹುದು; ಅಂದು ಮಾತ್ರ ಚೌಕಾಸಿ ಇಲ್ಲ, ಅಕ್ಕಾ ಎನ್ನಲೇಬೇಕು. ಕೇಳಲು ತಾವಿಬ್ಬರೂ ಇರುವುದಿಲ್ಲ ಎಂದು ತಾತನ ಕಡೆ ಕೈ ತೋರಿಸಿ ನಕ್ಕಳು. ತಾತನೂ ನಕ್ಕು ಲಾಳಿ ಬಿಟ್ಟರು.

ಐದನೆಯ ಗಂಟಿನ ಹೊತ್ತಿಗೆ ನನ್ನಿಮ್ಮಾ ಹೋದಳು. ರೈಲ್ವೆಯಲ್ಲಿದ್ದ ಮೆಹರುವಿನ ತಂದೆ ಸಂಸಾರವನ್ನು ಕೊಯಮತ್ತೂರಿನ ಪಕ್ಕದ ಪೋತ್ತನೂರಿಗೆ ಕರೆದೊಯ್ದರು. ಏಳನೆಯದಕ್ಕೆ ತಾತ ಇರಲಿಲ್ಲ. ಮಗ್ಗ ಬಿಚ್ಚಿ ಮಾರಿದರು, ಗುಂಡಿಗೆ ಮಣ್ಣು ತುಂಬಿ ಟೈಲ್ಸ್ ಹಾಕಿದರು. ಅವಳ ರಂಜಾನ್ ಪೊಂಗಲ್ ದಾಟಿ, ದೀಪಾವಳಿ ದಾಟಿ, ಆಡಿಯ, ಅಂದರೆ ಆಷಾಢದ, ಗಾಳಿಯನ್ನೂ ದಾಟಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಬೇಸಿಗೆಗೆ ಬಂತು. ಮದುವೆಯಾಗಿ ಕೊಯಮತ್ತೂರಿಗೆ ಬಂದ ಮೇಲೂ ಆ ನೂಲು ನನ್ನ ಕುಂಕುಮದ ಡಬ್ಬಿಯಲ್ಲೇ ಇತ್ತು. ಉಳಿದ ಗಂಟುಗಳನ್ನು ಒಬ್ಬಳೇ ಹಾಕಿದೆ.

ಹನ್ನೆರಡಾದ ಮರು ಬೇಸಿಗೆ, ಊರೆಲ್ಲ ರೋಗಕ್ಕೆ ಹೆದರಿ ಬಾಗಿಲು ಹಾಕಿಕೊಂಡಿತ್ತು. ಪೋತ್ತನೂರು ಎಷ್ಟು ಮಹಾ ದೂರ, ಆದರೂ ಹೋಗುವಂತಿರಲಿಲ್ಲ. ತದಿಗೆಯ ಹಿಂದಿನ ಸಂಜೆ ಮೆಹರು ಫೋನ್ ಮಾಡಿ, "ಪಿರೈ ಪಾತ್ತಾಚ್ಚುಡೀ" ಎಂದಳು. ಚಂದ್ರ ಕಂಡಿದ್ದ, ನಾಳೆಯೇ ಹಬ್ಬ.

"ಸೆರಿ, ಅಕ್ಕಾ" ಎಂದೆ.

ಅವಳು ನಗುತ್ತಾಳೆಂದುಕೊಂಡಿದ್ದೆ. ಆದರೆ, "ನನ್ನಿಮ್ಮಾ ಇರುಂದಿರುಕ್ಕಣುಂಡೀ" ಎಂದು ಅತ್ತಳು. ಅವಳು ಇರಬೇಕಿತ್ತು, ತಾತನೂ ಇರಬೇಕಿತ್ತು. ನಾನೂ ಅತ್ತೆ.

ಮೂರು ವರ್ಷ ಎರಡು ಹಬ್ಬವೂ ಜೊತೆಯಾಗಿ ಬಂದು ಮತ್ತೆ ಅಗಲಿದವು. ಇನ್ನೊಮ್ಮೆ ಕೂಡುವಾಗ ನಮಗೆ ಅರವತ್ತು ದಾಟಿರುತ್ತದೆ. ಅಂಗಡಿಯಿಂದ ಒಂದು ಉಂಡೆ ನೂಲು ತಂದು, ಒಂದೆಳೆ ಕತ್ತರಿಸಿ, ಮೊದಲ ಗಂಟು ಹಾಕಿಟ್ಟಿದ್ದೇನೆ. ಇದಕ್ಕೆ ಗಂಜಿಯ ವಾಸನೆ ಇಲ್ಲ.