ಬುಟ್ಟಿಯ ಕೆಳಗಿನ ಕುಂಬಳಕಾಯಿ

ಆಗಿನ ದಿನಗಳು ಎಂದು ಬರೆಯಲು ಕೂತಾಗಲೆಲ್ಲ ನನಗೊಂದು ಅಳುಕು. ಯಾವ ದಿನಗಳು? ಆಗ ನನಗೆ ಎಂಟು ವರ್ಷವೋ ಒಂಬತ್ತೋ, ಅದೇ ಖಚಿತವಿಲ್ಲ. ನಾನು ಬೆರಳು ತೋರಿಸಿದ ಮೇಲೆ ಕಾಯಿ ಕೊಳೆಯಿತೋ, ಕೊಳೆಯುತ್ತಿರುವುದನ್ನು ಕಂಡೇ ಬೆರಳು ತೋರಿಸಿದೆನೋ, ಅದೂ ಗೊತ್ತಿಲ್ಲ. ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿದವನು ನಾನು. ಸಾಕ್ಷಿಯಿಲ್ಲದ ಮಾತು ಕೇಳಿದರೆ ತಕರಾರು ತೆಗೆಯುವುದು ನನಗೆ ಅಂಟಿದ ಚಾಳಿ. ನನ್ನದೇ ನೆನಪಿನ ಮೇಲೂ ಬೇಕಾದಷ್ಟು ತಕರಾರು ತೆಗೆದಿದ್ದೇನೆ. ಆದರೆ ಆ ಹಿತ್ತಲಿನಲ್ಲಿ ನನಗಾದ ಭಯದ ಬಗ್ಗೆ ಮಾತ್ರ ಯಾವ ಸಂಶಯವೂ ಇಲ್ಲ. ಈಗಲೂ ಕುಂಬಳದ ಬಳ್ಳಿ ಕಂಡರೆ ನನ್ನ ತೋರುಬೆರಳು ತಾನಾಗಿಯೇ ಮಡಚಿಕೊಳ್ಳುತ್ತದೆ.

ನಮ್ಮ ಮನೆ ರೋಣದಲ್ಲಿತ್ತು. ಮನೆಯ ಹಿಂದೆ ಬಚ್ಚಲು, ಬಚ್ಚಲಿನ ಹಿಂದೆ ಹಿತ್ತಲು. ನಳದ ನೀರು ವಾರಕ್ಕೊಮ್ಮೆ ಬಂದರೆ ಅದೇ ದೊಡ್ಡದು, ಹೀಗಾಗಿ ಗಿಡಗಳಿಗೆಂದು ಬೇರೆ ನೀರು ಇರುತ್ತಿರಲಿಲ್ಲ. ನಾವು ಮೈ ತೊಳೆದ ನೀರು, ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು ಒಂದು ಸಣ್ಣ ಕಾಲುವೆಯಲ್ಲಿ ಹರಿದು ಮೊದಲು ಬದನೆಗೆ, ಆಮೇಲೆ ಅಬ್ಬಲಿಗೆಗೆ, ಕಟ್ಟಕಡೆಗೆ ಕುಂಬಳದ ಬುಡಕ್ಕೆ ಸೇರುತ್ತಿತ್ತು. ಸಂಜೆ ಅಲ್ಲಿ ನಿಂತರೆ ಸಾಬೂನು, ಸೀಗೆಕಾಯಿ ಮತ್ತು ಒದ್ದೆ ಎರೆಮಣ್ಣು ಮೂರೂ ಕೂಡಿದ ಒಂದು ವಾಸನೆ ಬರುತ್ತಿತ್ತು. ಮಳೆ ಬಂದರೆ ಆ ಮಣ್ಣು ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತಿತ್ತು, ಬಿಸಿಲು ಬಿದ್ದರೆ ಕೈ ತೂರುವಷ್ಟು ಬಿರುಕು ಬಿಡುತ್ತಿತ್ತು. ಸೇವಂತಿಗೆ ಮೊಗ್ಗಿಗೆ ಕಪ್ಪು ಹೇನು, ಬದನೆಕಾಯಿಯಲ್ಲಿ ಹುಳ, ಬೇಲಿ ಸಂದಿಯಿಂದ ಬರುವ ಪಕ್ಕದ ಮನೆಯ ಆಡು. ಅಜ್ಜಿ ದಿನವೂ ಒಲೆಯ ಬೂದಿಯನ್ನು ಗಿಡಗಳಿಗೆ ತೂರುತ್ತ, ಆಡಿಗೂ ಅದರ ಒಡತಿಗೂ ಒಟ್ಟಿಗೇ ಬೈಯುತ್ತಿದ್ದಳು. ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು.

ಆ ವರ್ಷ ಕಸ್ತೂರಿ ಅತ್ತಿ, ಅಂದರೆ ನನ್ನ ಅಪ್ಪನ ತಂಗಿ, ಚೊಚ್ಚಲ ಹೆರಿಗೆಗೆ ಗಜೇಂದ್ರಗಡದಿಂದ ನಮ್ಮ ಮನೆಗೆ ಬಂದಿದ್ದಳು. ಅದಕ್ಕೂ ಮೊದಲು ಎರಡು ಸಲ ಅವಳಿಗೆ ಬಸಿರು ನಿಂತಿರಲಿಲ್ಲ ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಆಗ ನನಗೆ ಗೊತ್ತಿದ್ದದ್ದು ಇಷ್ಟೇ: ಅತ್ತಿ ಭಾರದ ಕೊಡ ಎತ್ತಬಾರದು, ಒಬ್ಬಳೇ ಹೊರಗೆ ಹೋಗಬಾರದು, ಅವಳು ಕೇಳಿದ್ದನ್ನು ಇಲ್ಲ ಎನ್ನಬಾರದು. ಅವಳು ಕೇಳಿದ್ದು ಕುಂಬಳಕಾಯಿ ಗಾರಿಗೆ. ಬೆಲ್ಲ ಹಾಕಿ ಬೇಯಿಸಿದ ಕುಂಬಳಕ್ಕೆ ಹಿಟ್ಟು ಕಲಸಿ, ತಟ್ಟಿ, ಎಣ್ಣೆಯಲ್ಲಿ ಕರಿಯುವ ಸಿಹಿ.

"ಸಂತ್ಯಾಗ ತಂದ ಕಾಯಿದು ಬ್ಯಾಡವ್ವಾ. ನಮ್ಮ ಹಿತ್ತಲದ್ದ ಆಗಬೇಕು" ಎಂದಿದ್ದಳು ಅತ್ತಿ.

"ಬಳ್ಳಿ ಇನ್ನೂ ಗ್ವಾಡಿ ಏರಾಕ ಹತ್ತೇತಿ. ನಿನ್ನ ಬಯಕಿಗಿ ಅದು ಓಡಿ ಬರತೈತೇನು?" ಎಂದಳು ಆಯಿ. ಆದರೆ ಅಂದಿನಿಂದ ಬಚ್ಚಲಿನ ನೀರನ್ನು ಬದನೆಗೆ ಬಿಡದೆ ನೇರವಾಗಿ ಕುಂಬಳಕ್ಕೇ ತಿರುಗಿಸಿದಳು.

ದೀಪಾವಳಿ ಬಂತು. ಪಾಡ್ಯದ ದಿನ ನಮ್ಮಲ್ಲಿ ಸಗಣಿಯಿಂದ ಪಾಂಡವರನ್ನು ಮಾಡಿ ಬಾಗಿಲ ಮುಂದೆ ಕೂರಿಸುತ್ತಾರೆ. ಅವರ ನೆತ್ತಿಗೆ ಸಿಕ್ಕಿಸಲು ಕುಂಬಳದ ಹಳದಿ ಹೂವು ಬೇಕು. ಓಣಿಯಲ್ಲಿ ಬಳ್ಳಿ ಇದ್ದದ್ದು ನಮ್ಮ ಮನೆಯಲ್ಲೊಂದೇ. ನಾಲ್ಕೈದು ದಿನ ಬೆಳಗಾದರೆ ಸಾಕು, ಹೆಂಗಸರು ತಟ್ಟೆ ಹಿಡಿದು ಬರುತ್ತಿದ್ದರು. ಆಯಿ ಯಾರಿಗೂ ಇಲ್ಲ ಎನ್ನಲಿಲ್ಲ. "ಉದ್ದ ತೊಟ್ಟಿನ ಹೂವಷ್ಟ ಹರಿ ತಮ್ಮಾ. ಅವು ಕಾಯಿ ಬಿಡಂಗಿಲ್ಲ, ದಂಡದವು. ಬುಡಕ ಗುಂಡಗಿದ್ದದ್ದನ್ನ ಮುಟ್ಟಬ್ಯಾಡ" ಎಂದು ನನ್ನನ್ನು ಬಳ್ಳಿಯೊಳಗೆ ಇಳಿಸಿದಳು. ಎಲೆಯ ಸುಂಕು ಕೈಗೆ ಚುಚ್ಚುತ್ತಿತ್ತು. ಅರಳಿದ ಹೂವಿನೊಳಗೆ ಇರುವೆ, ಇಬ್ಬನಿ, ಮೂಗಿಗೆ ಅಂಟುವ ಹಳದಿ ಪುಡಿ. ನಾನು ಒಂದನ್ನೂ ಬಿಡದೆ ಹರಿದೆ.

ಅದೇ ವಾರದ ಒಂದು ಬೆಳಿಗ್ಗೆ ಎಲೆ ಸರಿಸಿದರೆ ನಿಂಬೆಹಣ್ಣಿನಷ್ಟು ಒಂದು ಮಿಡಿ ಕಂಡಿತು.

"ಅತ್ತೀ, ಲಗೂ ಬಾ. ನಿನ್ನ ಗಾರಿಗಿ ಇಲ್ಲೈತಿ ನೋಡು" ಎಂದು ಬೆರಳು ಚಾಚಿದೆ.

ಆಯಿ ಕೈಯಲ್ಲಿದ್ದ ಬೂದಿ ಬುಟ್ಟಿಯನ್ನು ಅಲ್ಲೇ ಇಟ್ಟಳು. "ಏ ತಮ್ಮಾ, ಎಳಿ ಕಾಯಿಗಿ ಬೆರಳ ತೋರಸ್ತಾರೇನೋ? ಕೊಳತು ಹೋಗತೈತಿ. ಮಡಚು, ಬೆರಳ ಮಡಚು."

"ಮಡಚಿ ತೋರಿಸಿದ್ರ ಕೊಳ್ಯಂಗಿಲ್ಲೇನು?"

"ಮಡಚಿದ್ರ ಅದಕ್ಕ ಗೊತ್ತಾಗಂಗಿಲ್ಲ."

ಅತ್ತಿ ನಕ್ಕಳು. "ಕಾಯಿಗಿ ಕಣ್ಣ ಅದಾವೇನವ್ವಾ?"

"ನೀ ಸುಮ್ನ ಕುಂದ್ರು. ಎಂಟ ತಿಂಗಳ ಹೊಟ್ಟಿ ಹೊತಗೊಂಡು ಇಂಥಾದಕ್ಕ ನಗಬಾರದು."

ಆ ಮಧ್ಯಾಹ್ನವೋ ಮರುದಿನವೋ, ಅತ್ತಿ ಹಿತ್ತಲ ಕಟ್ಟೆಯ ಮೇಲೆ ಕೂತು ಕೂದಲು ಒಣಗಿಸುತ್ತಿದ್ದಳು. ಹೊಟ್ಟೆಯ ಮೇಲಿನ ಸೀರೆ ಸಣ್ಣಗೆ ಅಲುಗಿತು. "ಅಲ್ಲೆ ಒದೀತು ನೋಡು" ಎಂದು ನಾನು ಬೆರಳು ತೋರಿಸಿದೆ. ಮಡಚದ ಬೆರಳು. ಸೀರೆಗೆ ತಾಗಿರಲೂಬಹುದು.

"ಹೌದೋ ಶ್ಯಾಣ್ಯಾ, ನಿನ್ನ ದನಿ ಕೇಳಿನ ಒದೀತು" ಎಂದಳು ಅತ್ತಿ. ಯಾರೂ ಬೈಯಲಿಲ್ಲ. ಆಯಿ ಅಲ್ಲಿರಲಿಲ್ಲ.

ಮುಂದಿನ ವಾರ ಮಿಡಿ ಹಳದಿಯಾಯಿತು. ಮುಟ್ಟಿ ನೋಡಿದೆ, ಬೆರಳು ಒಳಗಿಳಿಯಿತು. ಹುಳಿ ವಾಸನೆಯ ನೀರು ಉಗುರಿನ ಸಂದಿಯಲ್ಲಿ ಸೇರಿತು. ಬಚ್ಚಲಿಗೆ ಹೋಗಿ ಸಾಬೂನು ಹಚ್ಚಿ ಎಷ್ಟು ತೊಳೆದರೂ ಹೋಗಲಿಲ್ಲ. ಅಡುಗೆಮನೆಯಲ್ಲಿ ಅತ್ತಿ ಯಾವುದಕ್ಕೋ ನಗುತ್ತಿದ್ದುದು ಕೇಳಿಸುತ್ತಿತ್ತು. ನನಗೆ ಆಗ ಹೊಳೆದದ್ದನ್ನು ಯಾರಿಗೆ ಹೇಳಲಿ?

ಆಮೇಲೆ ಊಟ ಸೇರಲಿಲ್ಲ. ಸಾಲಿಯಿಂದ ಬಂದವನೇ ಅತ್ತಿಯ ಮುಖ ನೋಡುತ್ತಿದ್ದೆ, ಆಮೇಲೆ ಹೊಟ್ಟೆ. ಹೊಟ್ಟೆ ಅಲುಗದಿದ್ದರೆ ಅಲುಗುವವರೆಗೆ ಎದ್ದು ಹೋಗುತ್ತಿರಲಿಲ್ಲ. ಅವಳು ಸೊಂಟ ಹಿಡಿದು "ಯವ್ವಾ" ಎಂದರೆ ನಾನು ಓಡಿಹೋಗಿ ಆಯಿಯನ್ನು ಕರೆತರುತ್ತಿದ್ದೆ. ಬಲಗೈ ತೋರುಬೆರಳಿಗೆ ಒಂದು ಚಿಂದಿ ಸುತ್ತಿಕೊಂಡು ಓಡಾಡಿದೆ. ಗಾಯ ಎಂದು ಸುಳ್ಳು ಹೇಳಿದ್ದೆ.

ಆಯಿ ಒಂದು ಸಂಜೆ ರೊಟ್ಟಿ ಬಡಿಯುತ್ತ ಕೇಳಿದಳು. "ಯಾಕ ಉಣವಲ್ಲಿ? ಆ ಬೆರಳಿಗಿ ಏನಾಗೇತಿ?"

"ಆಯಿ, ಅತ್ತಿ ಹೊಟ್ಟೀಗೂ ತೋರಿಸೇನಿ."

ರೊಟ್ಟಿಯ ಮೇಲಿನ ಕೈ ನಿಂತಿತು. "ಮಡಚಿದ್ದೇನು?"

"ಇಲ್ಲ."

ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಆಯಿ ಅದನ್ನು ತೆಗೆದು ಬದಿಗಿಟ್ಟಳು. ಸುಟ್ಟ ಕಡೆ ಕೆರೆಯಲೂ ಇಲ್ಲ. ಇನ್ನೊಂದು ಹಿಟ್ಟಿನ ಉಂಡೆ ಕೈಗೆತ್ತಿಕೊಂಡು, "ಬಳ್ಳ್ಯಾಗ ಇನ್ನೊಂದು ಎಳಿ ಕಾಯಿ ಐತಿ. ನಾ ನೋಡೇನಿ. ಅದರ ಮ್ಯಾಲೆ ಬುಟ್ಟಿ ಮುಚ್ಚತೇನಿ. ಅದು ಬಲೀತಂದ್ರ ಎಲ್ಲಾ ಚಲೋ ಆದಂಗ. ಆದ್ರ ನೀ ಬುಟ್ಟಿ ಎತ್ತಬ್ಯಾಡ" ಎಂದಳು.

"ಬಲೀಲಿಲ್ಲಂದ್ರ?"

"ಬಲೀತೈತಿ. ಮೊದಲ ಆ ಚಿಂದಿ ಬಿಚ್ಚಿ ಕೈ ತೊಳಕೊ. ಉಣ್ಣು."

ಬುಟ್ಟಿ ಹಿತ್ತಲಿನ ಮೂಲೆಯಲ್ಲಿ ಬೋರಲಾಗಿ ಕೂತಿತು, ಮೇಲೊಂದು ಕಲ್ಲು. ನಾನು ಬುಟ್ಟಿ ಎತ್ತಲಿಲ್ಲ. ಇದನ್ನು ಆಣೆ ಮಾಡಿ ಹೇಳಬಲ್ಲೆ ಎನ್ನಬೇಕೆನಿಸುತ್ತದೆ, ಆದರೆ ಒಮ್ಮೆ ನೆಲಕ್ಕೆ ಕೆನ್ನೆ ಹಚ್ಚಿ ಹೆಣಿಕೆಯ ಸಂದಿಯಿಂದ ಇಣುಕಿದ ಹಾಗೂ ನೆನಪು. ಒಳಗೆ ಕತ್ತಲೆ ಬಿಟ್ಟು ಏನೂ ಕಾಣಲಿಲ್ಲ. ಆ ದಿನಗಳಲ್ಲಿ ಥಂಡಿ ಶುರುವಾಗಿತ್ತು. ಅತ್ತಿಯ ಕಾಲು ಬಾತವು. ದವಾಖಾನಿಗೆ ಹೋಗಿ ಬಂದ ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಅತ್ತಿಯ ಗಂಡ, ನಮ್ಮ ಮಾಮಾ, ಗಜೇಂದ್ರಗಡದಿಂದ ವಾರಕ್ಕೊಮ್ಮೆ ಚೀಲ ಹಿಡಿದು ಬರುತ್ತಿದ್ದವರು ಈಗ ಎರಡು ದಿನಕ್ಕೊಮ್ಮೆ ಬರತೊಡಗಿದರು.

ಬುಟ್ಟಿ ಮುಚ್ಚಿ ಇಪ್ಪತ್ತು ದಿನವಾಗಿರಬಹುದು. ಹಿಂದಿನ ಸಂಜೆ ಮಾಮಾ ಬಂದು ಹೋಗಿದ್ದರು. ಬೆಳಿಗ್ಗೆ ಆಯಿ ನನ್ನನ್ನು ಎಬ್ಬಿಸಿ ಹಿತ್ತಲಿಗೆ ಕರೆದುಕೊಂಡು ಹೋಗಿ, "ಎತ್ತು" ಎಂದಳು. ಕಲ್ಲು ಸರಿಸಿ ಬುಟ್ಟಿ ಎತ್ತಿದೆ. ಎರಡೂ ಅಂಗೈ ಸೇರಿಸಿದರೂ ಹಿಡಿತಕ್ಕೆ ಸಿಗದಷ್ಟು ದೊಡ್ಡ ಕಾಯಿ, ಬೂದಿ ಬಳಿದಂಥ ಸಿಪ್ಪೆ. ತೊಟ್ಟಿಗೂ ಬಳ್ಳಿಗೂ ಕೂಡಿಸಿ ಕೆಂಪು ದಾರ ಸುತ್ತಿತ್ತು.

"ಇದೇನ ಆಯಿ?"

"ದೃಷ್ಟಿ ದಾರ. ಬಿಡು, ಅದನ್ನ ಮುಟ್ಟಬ್ಯಾಡ" ಎಂದವಳೇ ತಾನೇ ಕುಡಗೋಲಿನಿಂದ ದಾರ ಸಮೇತ ಕೊಯ್ದಳು.

ನಮ್ಮ ಕಡೆ ಹೆಂಗಸರು ಇಡೀ ಕುಂಬಳಕಾಯಿಗೆ ಮೊದಲ ಏಟು ಹಾಕುವುದಿಲ್ಲ, ಗಂಡಸರೇ ಹಾಕಬೇಕು. ಅಪ್ಪ ಮನೆಯಲ್ಲಿದ್ದರೂ ಆಯಿ ಕುಡಗೋಲನ್ನು ನನ್ನ ಕೈಗೆ ಕೊಟ್ಟು, ಮೇಲೆ ತನ್ನ ಕೈ ಇಟ್ಟು ಒತ್ತಿದಳು. ಅದೇ ಬೆರಳಿನ ಕೈ. ಒಳಗೆ ಕಿತ್ತಳೆ ಬಣ್ಣದ ತಿರುಳು, ಗಟ್ಟಿ ಬೀಜ. ಮಧ್ಯಾಹ್ನ ಮನೆಯೆಲ್ಲ ಏಲಕ್ಕಿ, ಬೆಲ್ಲ, ಎಣ್ಣೆಯ ವಾಸನೆ. ಅತ್ತಿ ಐದು ಗಾರಿಗೆ ತಿಂದಳು. "ನಮ್ಮ ಹಿತ್ತಲ ಕಾಯಿ ರುಚಿನ ಬ್ಯಾರೆ ಬಿಡವ್ವಾ" ಎಂದಳು. ಆಯಿ ಎಣ್ಣೆಯ ಕಡೆ ನೋಡುತ್ತಿದ್ದಳು. ಆ ದಿನ ನಾನು ಉಂಡದ್ದು ನೆನಪಿದೆ. ಎಷ್ಟು ಉಂಡೆನೆಂದರೆ ಸಂಜೆಗೆ ಹೊಟ್ಟೆನೋವು ಬಂತು.

ವಾರದೊಳಗೆ ಅತ್ತಿಗೆ ಹೆರಿಗೆಯಾಯಿತು, ಹೆಣ್ಣು ಮಗು. ದವಾಖಾನಿಯಲ್ಲಿ ಅರಿವೆ ಸರಿಸಿ ಅದರ ಕೈಬೆರಳು, ಕಾಲ್ಬೆರಳು ಎಲ್ಲ ಎಣಿಸಿದೆ. ಇಪ್ಪತ್ತು ಇದ್ದವು. ಮತ್ತೊಮ್ಮೆ ಎಣಿಸಿದೆ.

ಮುಂದೆ ಕಾಲೇಜಿನಲ್ಲಿ ಕುಂಬಳದ ಹೂವನ್ನು ಸೀಳಿ ನೋಡುವಾಗ ನನಗೆ ಬಿಡುಗಡೆ ಸಿಗಬೇಕಾಗಿತ್ತು. ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ಬೀಳದಿದ್ದರೆ ಮಿಡಿ ಹಳದಿಯಾಗಿ ಕೊಳೆಯುತ್ತದೆ. ಬೆರಳಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಆ ವಾರ ಬಳ್ಳಿಯ ಉದ್ದ ತೊಟ್ಟಿನ ಗಂಡು ಹೂವನ್ನೆಲ್ಲ ಹರಿದು ಓಣಿಗೆ ಹಂಚಿದ ಕೈ ಯಾರದು? ಬೆರಳು ತೋರಿಸಿದ್ದಕ್ಕೆ ಅಲ್ಲದಿದ್ದರೆ ಹೂ ಹರಿದದ್ದಕ್ಕೆ, ಹೇಗೆ ನೋಡಿದರೂ ಕಾಯಿ ಕೆಟ್ಟದ್ದು ನನ್ನಿಂದಲೇ. ಇನ್ನೊಂದು ಪ್ರಶ್ನೆ ಅದಕ್ಕಿಂತ ಹೆಚ್ಚು ಕಾಡಿತು. ಬುಟ್ಟಿ ಮುಚ್ಚುವಾಗ ಮಿಡಿಯಾಗಿದ್ದದ್ದು ಇಪ್ಪತ್ತು ದಿನದಲ್ಲಿ, ಅದೂ ಬಿಸಿಲು ಕಾಣದೆ, ಅಷ್ಟು ಬಲಿಯಲು ಸಾಧ್ಯವಿಲ್ಲ. ಹಾಗಾದರೆ ಇಪ್ಪತ್ತು ದಿನದ ಲೆಕ್ಕ ತಪ್ಪಿರಬೇಕು. ಕೆಂಪು ದಾರವನ್ನು ನಾನೇ ಆಮೇಲೆ ಎಲ್ಲಿಂದಲೋ ತಂದು ಸೇರಿಸಿರಬೇಕು. ನನ್ನ ಅವ್ವನನ್ನು ಕೇಳಿದರೆ, "ಯಾವ ದಾರೋ? ನಂಗ ಬುಟ್ಟೀನ ನೆನಪಿಲ್ಲ" ಎಂದಳು. ಕೇಳಬೇಕಾದ ಆಯಿ ಅಷ್ಟರಲ್ಲಿ ತೀರಿಕೊಂಡಿದ್ದಳು.

ಈಗ ಹುಬ್ಬಳ್ಳಿಯ ಬಾಡಿಗೆ ಮನೆಯ ತಾರಸಿಯಲ್ಲಿ ಡಬ್ಬಿಗಳಲ್ಲಿ ಗಿಡ ಬೆಳೆಸುತ್ತೇನೆ. ಬೆಳಿಗ್ಗೆ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ನಾನೇ ತಾಗಿಸುತ್ತೇನೆ, ಕಾಯಿ ನಿಲ್ಲುತ್ತದೆ. ಹೂ ಕೇಳಲು ಯಾರೂ ತಟ್ಟೆ ಹಿಡಿದು ಬರುವುದಿಲ್ಲ. ರೋಣದ ಹಿತ್ತಲಿಗೆ ಫರಸಿ ಕಲ್ಲು ಹಾಸಿ ಬೈಕ್ ನಿಲ್ಲಿಸುತ್ತಾರೆ, ಬಚ್ಚಲಿನ ನೀರು ಪೈಪಿನಲ್ಲಿ ಗಟಾರಕ್ಕೆ ಹೋಗುತ್ತದೆ. ಕಾಯಿ ಏಕೆ ಕೊಳೆಯುತ್ತದೆಂದು ನನ್ನ ಮಗಳಿಗೆ ಸರಿಯಾಗಿ ವಿವರಿಸಬಲ್ಲೆ. ಅವಳು ಹೆದರಿದ ದಿನ ಆಯಿ ಮಾಡಿದಂಥದ್ದು ನನಗೆ ಹೊಳೆದೀತೇ ಎಂಬುದು ಮಾತ್ರ ಗೊತ್ತಿಲ್ಲ.

ಹೋದ ದೀಪಾವಳಿಗೆ ಗಜೇಂದ್ರಗಡಕ್ಕೆ ಹೋಗಿದ್ದೆ. ಅತ್ತಿ ಒಳಗೆ ಚಹಾ ಮಾಡುತ್ತಿದ್ದಳು. ಬುಟ್ಟಿ ಎತ್ತಿದ ಹಿಂದಿನ ಸಂಜೆ ಮಾಮಾ ಬಂದು ಹೋದದ್ದು ನನ್ನ ತಲೆಯಲ್ಲಿತ್ತು. ಉತ್ತರವನ್ನು ನಾನೇ ಬಾಯಿಗೆ ಹಾಕಬಾರದೆಂದು ಮಾಮಾರನ್ನು ಇಷ್ಟೇ ಕೇಳಿದೆ: "ಮಾಮಾ, ಅತ್ತಿ ಹೆರಿಗಿ ಮುಂಚೆ ಆಯಿ ನಿಮ್ಮ ಕಡಿಂದ ಏನರ ತರಿಸಿದ್ಲೇನ್ರಿ?"

ಅವರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಸಾವಕಾಶ ಮಾತಾಡೋ. ನಿಮ್ಮತ್ತೀಗಿ ಇನ್ನೂ ಗೊತ್ತಿಲ್ಲ." ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು ಹೇಳಿದರು. "ಇಲ್ಲಿ ಸಂತ್ಯಾಗ ಕುಂಬಳಕಾಯಿ ಕೊಂಡು, ಬಸ್ಸಿನ್ಯಾಗ ತೊಡಿ ಮ್ಯಾಲೆ ಇಟಗೊಂಡು ಬಂದೆ. ಎರಡು ದಿನ ಮೊದಲ ನಿಮ್ಮ ಆಯಿ ಬುಟ್ಟಿ ಎತ್ತಿ ತೋರಿಸಿದ್ರು, ಒಳಗಿಂದು ಕೊಳತು ನೀರಾಗಿತ್ತು. ಹುಡುಗಗೂ ಹೇಳಬ್ಯಾಡ್ರಿ, ಕಸ್ತೂರಿಗೂ ಹೇಳಬ್ಯಾಡ್ರಿ ಅಂದ್ರು. ಕೂಸು ಹುಟ್ಟೂತನಕ ಅವರು ಒಂದ ಹೊತ್ತು ಉಂಡ್ರು. ಅದೂ ಯಾರಿಗೂ ಗೊತ್ತಿಲ್ಲ."

"ಬಳ್ಳೀಗಿ ಅದನ್ನ ಹ್ಯಾಂಗ ನಿಲ್ಲಿಸಿದ್ರಿ?"

"ಅವತ್ತ ಮುಂಜಾನಿ ಇಟಗಿ ಗುಡಿಗೆ ಹೋಗಿ ಬಂದಿದ್ದೆ, ನಿಮ್ಮತ್ತಿ ಸಲುವಾಗಿ. ಅಲ್ಲೆ ಕೈಗೆ ಕಟಗೊಂಡಿದ್ದ ದಾರ ಬಿಚ್ಚಿ ಕೊಟ್ಟೆ. ಅದನ್ನ ಸುತ್ತಿದ್ರು."

ಬಣ್ಣ ಯಾವುದೆಂದು ನಾನು ಕೇಳಲಿಲ್ಲ. ಅತ್ತಿ ಚಹಾದ ತಟ್ಟೆ ಹಿಡಿದು ಬರುತ್ತಿದ್ದುದನ್ನು ಕಂಡು ಮಾಮಾ ಮಾತು ಮುಗಿಸುವ ಅವಸರದಲ್ಲಿ, ತಮ್ಮ ಬರಿಯ ಮಣಿಕಟ್ಟನ್ನು ಮುಟ್ಟಿಕೊಂಡು, ತಾವಾಗಿಯೇ ಹೇಳಿದರು: "ಕೆಂಪು ದಾರ."